ಸೆಕೆಂಡರಿ ಬೀಮಿನ ತುದಿ ಪಿನ್ನೋ, ಫಿಕ್ಸೆಡ್ಡೋ?

ಪ್ರಶ್ನೆ: ದಾವಣಗೆರೆಯಲ್ಲಿ ಕಟ್ಟುತ್ತಿರುವ ಮೂರು ಅಂತಸ್ತಿನ ಮನೆಯೊಂದಕ್ಕೆ ನಾನು ಸ್ಟ್ರಕ್ಚರಲ್ ಡಿಸೈನ್ ಮಾಡುತ್ತಿದ್ದೇನೆ. ಹಾಲ್‌ನ ಎರಡು ಬದಿಗಳಲ್ಲಿ 6 ಮೀಟರ್ ಉದ್ದದ, 230 × 600 ಮಿ.ಮೀ. ಅಳತೆಯ ಮುಖ್ಯ ಬೀಮುಗಳಿವೆ. ಅವುಗಳ ನಟ್ಟನಡುವೆ 4.5 ಮೀಟರ್ ಉದ್ದದ, 230 × 450 ಮಿ.ಮೀ. ಅಳತೆಯ ಸೆಕೆಂಡರಿ ಬೀಮ್ ಬಂದು ಸೇರುತ್ತದೆ. ಮುಖ್ಯ ಬೀಮುಗಳ ಆಚೆ ಬದಿಯಲ್ಲಿ ಬೇರೆ ಬೀಮ್ ಇಲ್ಲ. ಕಾಂಕ್ರೀಟಿನ ದರ್ಜೆ ಎಂ 25, ಕಂಬಿಯದು ಎಫ್‌ಇ 500. ಸೆಕೆಂಡರಿ ಬೀಮಿನ ಮೇಲೆ ಫ್ಯಾಕ್ಟರ್ಡ್ ಲೋಡ್ (ಸುರಕ್ಷತೆಗಾಗಿ ಹೆಚ್ಚಿಸಿ ಹಿಡಿದ ಭಾರ) ಮೀಟರಿಗೆ 36 ಕಿಲೋನ್ಯೂಟನ್. ಸಾಫ್ಟ್‌ವೇರ್ ಮಾಡೆಲ್‌ನಲ್ಲಿ ತುದಿಗಳನ್ನು ಇದ್ದ ಹಾಗೆಯೇ ಬಿಟ್ಟರೆ ಮುಖ್ಯ ಬೀಮಿನಲ್ಲಿ ಸುಮಾರು 12 ಕಿಲೋನ್ಯೂಟನ್ ಮೀಟರ್ ಟಾರ್ಷನ್ (ತಿರುಚುವಿಕೆ) ಕಾಣಿಸುತ್ತದೆ. ಮೊಮೆಂಟ್ ರಿಲೀಸ್ ಕೊಟ್ಟರೆ, ಅಂದರೆ ತುದಿಯು ಬಾಗಿಸುವ ಬಲವನ್ನು (ಮೊಮೆಂಟ್) ದಾಟಿಸದೆ ಪಿನ್ನಿನಂತೆ ಸರಾಗವಾಗಿ ತಿರುಗುತ್ತದೆ ಎಂದು ಭಾವಿಸಿದರೆ, ಅದು ಸೊನ್ನೆಯಾಗುತ್ತದೆ. ಕಚೇರಿಯ ಹಿರಿಯರು ರಿಲೀಸ್ ಕೊಡಲು ಹೇಳುತ್ತಾರೆ. ಕಾಂಕ್ರೀಟನ್ನು ಒಂದೇ ಸಲ ಹಾಕುವಾಗ ಪಿನ್ ಎಲ್ಲಿಂದ ಬರಬೇಕು ಎಂದು ಸಹೋದ್ಯೋಗಿಯೊಬ್ಬರು ಕೇಳುತ್ತಾರೆ. ಯಾವುದು ಸರಿ? ಸರಿಯಾದರೆ, ಕಾಲಂಗೆ ಸೇರುವ ಬೀಮುಗಳಿಗೂ ಹಾಗೆಯೇ ಮಾಡಬಹುದೇ? ಮುಂದಿನ ವಾರ ಕಂಬಿ ಕಟ್ಟುವ ಕೆಲಸ ಶುರುವಾಗುತ್ತದೆ.

ಉತ್ತರ: ನೀವು ಹೇಳಿದ ಜಾಗದಲ್ಲಿ ನಿಮ್ಮ ಹಿರಿಯರ ಮಾತು ಸರಿ. ಸಹೋದ್ಯೋಗಿಯ ಪ್ರಶ್ನೆಯೂ ಸರಿಯಾದದ್ದೇ, ಏಕೆಂದರೆ ಆ ಪ್ರಶ್ನೆಗೆ ಉತ್ತರ ಕೊಡದೆ ರಿಲೀಸ್ ಕೊಟ್ಟರೆ ಅದು ಲೆಕ್ಕವಾಗುತ್ತದೆಯೇ ಹೊರತು ಡಿಸೈನ್ ಆಗುವುದಿಲ್ಲ. ಕಾಲಂಗೆ ಸೇರುವ ಬೀಮುಗಳಿಗೆ ಮಾತ್ರ ಹಾಗೆ ಮಾಡಬೇಡಿ. ಈ ಮೂರು ಮಾತುಗಳಿಗೂ ಕಾರಣ ಒಂದೇ. ಒಟ್ಟಿಗೆ ಎರಕ ಹೊಯ್ದ ಕಾಂಕ್ರೀಟಿನಲ್ಲಿ ಬೀಮಿನ ತುದಿ ಎಷ್ಟು ತಿರುಗುತ್ತದೆ ಎಂಬುದನ್ನು ನಾವು ಮಾಡೆಲ್‌ನಲ್ಲಿ ಒತ್ತುವ ಗುಂಡಿ ತೀರ್ಮಾನಿಸುವುದಿಲ್ಲ; ಆ ತುದಿಯನ್ನು ಹಿಡಿದುಕೊಂಡಿರುವ ಸದಸ್ಯದ ಬಿಗಿತವೂ ನಾವು ಅಲ್ಲಿ ಕಟ್ಟುವ ಕಂಬಿಯೂ ಸೇರಿ ಅದನ್ನು ತೀರ್ಮಾನಿಸುತ್ತವೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಸಾಫ್ಟ್‌ವೇರಿನಲ್ಲಿ ರಿಲೀಸ್ ಕೊಡದೆ ಬಿಟ್ಟ ತುದಿಯನ್ನು ಎಲ್ಲರೂ ರೂಢಿಯಲ್ಲಿ ಫಿಕ್ಸೆಡ್ ಎನ್ನುತ್ತಾರೆ, ಆದರೆ ಅದು ಪುಸ್ತಕದ ಫಿಕ್ಸೆಡ್ ತುದಿಯಲ್ಲ. ಪುಸ್ತಕದ ಫಿಕ್ಸೆಡ್ ತುದಿ ಸ್ವಲ್ಪವೂ ತಿರುಗದು. ಮಾಡೆಲ್‌ನಲ್ಲಿ ಇರುವುದು ರಿಜಿಡ್ ಜಾಯಿಂಟ್: ಅಲ್ಲಿ ಸೇರುವ ಸದಸ್ಯಗಳ ನಡುವಿನ ಕೋನ ಬದಲಾಗುವುದಿಲ್ಲ, ಆದರೆ ಜಾಯಿಂಟ್ ಒಟ್ಟಾಗಿ ತಿರುಗಬಹುದು. ಎಷ್ಟು ತಿರುಗುತ್ತದೆ ಎಂಬುದು ಸದಸ್ಯಗಳ ಬಿಗಿತದ ಅನುಪಾತಕ್ಕೆ ಬಿಟ್ಟದ್ದು. 1930ರಲ್ಲಿ ಹಾರ್ಡಿ ಕ್ರಾಸ್ ಪ್ರಕಟಿಸಿದ ಮೊಮೆಂಟ್ ಡಿಸ್ಟ್ರಿಬ್ಯೂಷನ್ ವಿಧಾನದ ತಿರುಳೇ ಇದು. ತುದಿಯನ್ನು ಮೊದಲು ಬಿಗಿಯಾಗಿ ಹಿಡಿದಂತೆ ಭಾವಿಸಿ, ನಂತರ ಬಿಟ್ಟು, ಉಳಿದ ಮೊಮೆಂಟನ್ನು ಬಿಗಿತಕ್ಕೆ ತಕ್ಕಂತೆ ಹಂಚುವುದು. ಕಂಪ್ಯೂಟರ್ ಇರುವ ಈ ಕಾಲದಲ್ಲೂ ಒಂದು ಜಾಯಿಂಟಿನ ಲೆಕ್ಕವನ್ನು ಕೈಯಲ್ಲಿ ಮಾಡಿ ನೋಡುವ ಅಭ್ಯಾಸವನ್ನು ಬಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ನಿಮ್ಮದೇ ಬೀಮನ್ನು ತೆಗೆದುಕೊಂಡು ನೋಡೋಣ.

ತುದಿ ಪೂರ್ತಿ ಪಿನ್ ಆಗಿದ್ದರೆ ನಡುವಿನ ಮೊಮೆಂಟ್ ಡಬ್ಲ್ಯು ಎಲ್ ಸ್ಕ್ವೇರ್ ಬೈ 8 (ಡಬ್ಲ್ಯು ಮೀಟರಿಗಿರುವ ಭಾರ, ಎಲ್ ಬೀಮಿನ ಉದ್ದ), ಅಂದರೆ 91 ಕಿಲೋನ್ಯೂಟನ್ ಮೀಟರ್. ಪೂರ್ತಿ ಫಿಕ್ಸೆಡ್ ಆಗಿದ್ದರೆ ತುದಿಯಲ್ಲಿ ಡಬ್ಲ್ಯು ಎಲ್ ಸ್ಕ್ವೇರ್ ಬೈ 12, ಅಂದರೆ ಸುಮಾರು 61; ನಡುವೆ ಅದರ ಅರ್ಧ, ಅಂದರೆ 30. ಎರಡೂ ಸಂದರ್ಭದಲ್ಲಿ ತುದಿಯ ಮತ್ತು ನಡುವಿನ ಮೊಮೆಂಟುಗಳನ್ನು ಕೂಡಿದರೆ 91 ಬರುತ್ತದೆ ಎಂಬುದನ್ನು ಗಮನಿಸಿ. ಈ 91 ಎಲ್ಲಿಗೂ ಹೋಗುವುದಿಲ್ಲ. ತುದಿಯಲ್ಲಿ ಕಡಿಮೆ ಮಾಡಿದ್ದನ್ನು ನಡುವೆ ಕೊಡಲೇಬೇಕು, ನಡುವೆ ಉಳಿಸಿದ್ದನ್ನು ತುದಿ ಹೊರಲೇಬೇಕು.

ಈಗ ನಿಜವಾಗಿ ಎಷ್ಟು? ನಿಮ್ಮ ಸೆಕೆಂಡರಿ ಬೀಮಿನ ತುದಿ ತಿರುಗದಂತೆ ತಡೆಯುವುದು ಮುಖ್ಯ ಬೀಮ್ ಮಾತ್ರ, ಅದೂ ತಾನೇ ತಿರುಚಿಕೊಂಡು. 230 × 600 ಬೀಮಿನ ತಿರುಚು ಬಿಗಿತವನ್ನು, ಎರಡು ಕಡೆಯ 3 ಮೀಟರ್ ಭಾಗಗಳನ್ನೂ ಸೇರಿಸಿ, ಸೆಕೆಂಡರಿ ಬೀಮಿನ ಬಾಗು ಬಿಗಿತದ ಜೊತೆ ಹೋಲಿಸಿದರೆ ಅನುಪಾತ ಸುಮಾರು 40ಕ್ಕೆ 60 ಬರುತ್ತದೆ. ಅಂದರೆ ಎಲ್ಲಿಯೂ ಬಿರುಕಿಲ್ಲದ, ಪುಸ್ತಕದಂಥ ಕಾಂಕ್ರೀಟಿನಲ್ಲೂ ತುದಿಗೆ ಬರುವ ಮೊಮೆಂಟ್ 61ರ ನೂರಕ್ಕೆ 40 ಭಾಗ, 24 ಕಿಲೋನ್ಯೂಟನ್ ಮೀಟರ್. ಅದು ಮುಖ್ಯ ಬೀಮಿನ ಎಡಕ್ಕೂ ಬಲಕ್ಕೂ ಹಂಚಿಕೊಂಡು ನೀವು ಕಂಡ 12 ಆಗಿದೆ. ಆಗ ಸೆಕೆಂಡರಿ ಬೀಮಿನ ನಡುವೆ 67 ಉಳಿಯುತ್ತದೆ. ಫಿಕ್ಸೆಡ್ ಎಂದು ನೀವು ಕರೆದ ಮಾಡೆಲ್ ಕೂಡ ನಿಜಕ್ಕೂ ಪಿನ್ ಕಡೆಗೇ ಹೆಚ್ಚು ವಾಲಿದೆ.

ಮುಖ್ಯ ಬೀಮ್ ಬಿರುಕಿಲ್ಲದೆ ಉಳಿಯುವುದೂ ಇಲ್ಲ. ಅದರ ನಟ್ಟನಡುವೆಯೇ ದೊಡ್ಡ ಭಾರ ಕೂತಿದೆ. ಬಾಗುವಿಕೆಯ ಬಿರುಕು, ಶಿಯರ್ (ಅಡ್ಡಕ್ಕೆ ಕತ್ತರಿಸುವ ಬಲ) ಮತ್ತು ಟಾರ್ಷನ್ ಒಟ್ಟಿಗೆ ಬರುತ್ತವೆ. ಕಾಂಕ್ರೀಟ್ ತಿರುಚಿ ಬಿರುಕು ಬಿಟ್ಟ ಮೇಲೆ ಅದರ ತಿರುಚು ಬಿಗಿತ ಮೊದಲಿನ ಹತ್ತನೇ ಒಂದು ಭಾಗದ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಬಾಗು ಬಿಗಿತ ಇಷ್ಟು ಕುಸಿಯುವುದಿಲ್ಲ. ತಿರುಚು ಬಿಗಿತ ಹತ್ತನೇ ಒಂದಕ್ಕೂ ಸೆಕೆಂಡರಿ ಬೀಮಿನ ಬಾಗು ಬಿಗಿತ ಅರ್ಧಕ್ಕೂ ಇಳಿಯಿತು ಎಂದುಕೊಂಡು ಅದೇ ಲೆಕ್ಕವನ್ನು ಮತ್ತೆ ಮಾಡಿದರೆ ತುದಿಯ ಮೊಮೆಂಟ್ 24ರಿಂದ 7ಕ್ಕೆ ಬರುತ್ತದೆ. ಹೀಗೆ ಬೇಡಿಕೆ ತಾನಾಗಿಯೇ ಕರಗುವ ಟಾರ್ಷನ್ನಿಗೆ ಕಂಪ್ಯಾಟಿಬಿಲಿಟಿ ಟಾರ್ಷನ್ ಎಂದು ಹೆಸರು. ಅಕ್ಕಪಕ್ಕದ ಸದಸ್ಯಗಳು ಒಟ್ಟಿಗೆ ತಿರುಗಬೇಕಾದ ಒತ್ತಾಯದಿಂದ ಅದು ಹುಟ್ಟುತ್ತದೆ, ಭಾರವನ್ನು ನೆಲಕ್ಕೆ ಮುಟ್ಟಿಸಲು ಅದು ಬೇಕಾಗಿಲ್ಲ.

ಕಾಂಕ್ರೀಟ್ ಕಟ್ಟಡಗಳ ಭಾರತೀಯ ಸಂಹಿತೆಯಾದ ಐಎಸ್ 456:2000ರ 41.1ನೇ ಕಲಮು ಇದೇ ಭೇದವನ್ನು ಮಾಡುತ್ತದೆ. ಸಮತೋಲಕ್ಕೆ ಟಾರ್ಷನ್ ಅಗತ್ಯವಿದ್ದರೆ ಅದಕ್ಕೆ ಡಿಸೈನ್ ಮಾಡಲೇಬೇಕು. ಹೆಚ್ಚುವರಿ ಹಿಡಿತವನ್ನು ಸಡಿಲಿಸಿ ಟಾರ್ಷನ್ನನ್ನು ಇಲ್ಲವಾಗಿಸಬಹುದಾದ ಕಡೆ, ವಿಶ್ಲೇಷಣೆಯಲ್ಲಿ ತಿರುಚು ಬಿಗಿತವನ್ನು ಕೈಬಿಟ್ಟಿದ್ದರೆ, ಪ್ರತ್ಯೇಕ ಡಿಸೈನ್ ಬೇಕಿಲ್ಲ. ಶಿಯರ್‌ಗಾಗಿ ಉದ್ದ ಕಂಬಿಗಳ ಸುತ್ತ ಕೊಡುವ ರಿಂಗುಗಳೇ ಬಿರುಕನ್ನು ಹತೋಟಿಯಲ್ಲಿಡುತ್ತವೆ. ನಿಮ್ಮ ಹಿರಿಯರ ಮಾತಿಗೆ ಆಧಾರ ಇಲ್ಲಿದೆ. ಈ ಆಧಾರ ಬೇಕೇ ಬೇಕು, ಏಕೆಂದರೆ ಸಾಮಾನ್ಯ ಮೊಮೆಂಟ್ ರೀಡಿಸ್ಟ್ರಿಬ್ಯೂಷನ್ನಿಗೆ (ಲೆಕ್ಕದ ಮೊಮೆಂಟನ್ನು ಒಂದೆಡೆ ಇಳಿಸಿ ಇನ್ನೊಂದೆಡೆ ಏರಿಸುವುದಕ್ಕೆ) ಅದೇ ಸಂಹಿತೆ ನೂರಕ್ಕೆ 30ರ ಮಿತಿ ಹಾಕಿದೆ, ಕಟ್ಟಡದ ಸ್ಥಿರತೆಯನ್ನು ಫ್ರೇಮೇ ಕೊಡುವ ನಾಲ್ಕು ಅಂತಸ್ತಿಗಿಂತ ಎತ್ತರದ ಕಟ್ಟಡಗಳಿಗೆ ನೂರಕ್ಕೆ 10ರ ಮಿತಿ. ರಿಲೀಸ್ ಎಂದರೆ ನೂರಕ್ಕೆ ನೂರು. ಕಂಡ ಕಂಡ ತುದಿಗೆ ಅದನ್ನು ಕೊಡಲು ಯಾವ ಸಂಹಿತೆಯೂ ಅನುಮತಿಸುವುದಿಲ್ಲ.

ಹಾಗಾದರೆ ನಿಮ್ಮ ಬೀಮಿಗೆ ಕಂಬಿ ಎಷ್ಟು? ಈ ಪ್ರಕರಣದ ಅತ್ಯಂತ ಉಪಯುಕ್ತ ಭಾಗ ಇದೇ ಎಂದು ನನಗೆ ಅನಿಸುತ್ತದೆ. ತುದಿಯ ಹಿಡಿತವನ್ನು ನಂಬಿ ನಡುವೆ 67ಕ್ಕೆ ಡಿಸೈನ್ ಮಾಡಿದರೆ ಕೆಳಗೆ 16 ಮಿ.ಮೀ. ಕಂಬಿ ಎರಡು ಸಾಕು. ಪಿನ್ ಎಂದು ಭಾವಿಸಿ 91ಕ್ಕೆ ಮಾಡಿದರೆ ಮೂರು ಬೇಕು. ಒಂದು ಕಂಬಿಯ ವ್ಯತ್ಯಾಸ, ತೂಕದಲ್ಲಿ ಸುಮಾರು 8 ಕಿಲೋ. ಅಷ್ಟಕ್ಕಾಗಿ, ಬಿರುಕು ಬಿಟ್ಟ ದಿನ ಕೈಕೊಡುವ ಹಿಡಿತವನ್ನು ನಂಬಿ ಕೂರುವುದರಲ್ಲಿ ಅರ್ಥವಿಲ್ಲ. ಮೂರನೆಯ ಕಂಬಿಯನ್ನು ಹಾಕಿ.

ಆದರೆ ಮೇಲಿನ ಕಂಬಿಯನ್ನು ಮರೆಯಬೇಡಿ. ರಿಲೀಸ್ ಕೊಟ್ಟ ಮಾಡೆಲ್ ತುದಿಯಲ್ಲಿ ನೆಗೆಟಿವ್ ಮೊಮೆಂಟ್ (ಮೇಲ್ಭಾಗದಲ್ಲಿ ಎಳೆತ ತರುವ ಮೊಮೆಂಟ್) ಸೊನ್ನೆ ಎನ್ನುತ್ತದೆ. ಕಾಂಕ್ರೀಟಿಗೆ ಅದು ಗೊತ್ತಿಲ್ಲ. ಸೆಂಟ್ರಿಂಗ್ ಬಿಚ್ಚಿದ ಕೂಡಲೇ ತುದಿ ತಿರುಗಲು ನೋಡುತ್ತದೆ, ಮುಖ್ಯ ಬೀಮ್ ತಡೆಯುತ್ತದೆ, ಮೇಲ್ಭಾಗದಲ್ಲಿ ಎಳೆತ ಬರುತ್ತದೆ. ಆ ಎಳೆತಕ್ಕೆ ಕಂಬಿ ಇಲ್ಲದಿದ್ದರೆ ಅಲ್ಲೊಂದು ಅಗಲವಾದ ಬಿರುಕು ಬಿಡುತ್ತದೆ, ಮೇಲಿನ ಟೈಲ್ಸ್‌ನಲ್ಲಿ ಮುಖ್ಯ ಬೀಮಿನ ಗುಂಟ ಒಂದು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಮಾಮೂಲಿ ಸನ್ನಿವೇಶದಲ್ಲಿ ಬಿರುಕಿನ ಅಗಲ 0.3 ಮಿ.ಮೀ. ಮೀರಬಾರದು, ತೇವ ತಾಗುವ ಕಡೆ 0.2 ಮೀರಬಾರದು ಎಂಬುದು ಐಎಸ್ 456ರ ನಿಯಮ. ಬಚ್ಚಲುಮನೆಯ ಸಂಕನ್ ಸ್ಲ್ಯಾಬ್ ಹೊರುವ ಬೀಮಿನಲ್ಲಿ, ತಾರಸಿಯ ಬೀಮಿನಲ್ಲಿ ಈ ಬಿರುಕು ನೀರಿಗೆ ದಾರಿಯಾಗಿ, ಕೆಲವು ವರ್ಷಗಳಲ್ಲಿ ಮೇಲಿನ ಕಂಬಿಗೆ ತುಕ್ಕು ಹಿಡಿಸುತ್ತದೆ.

ಎಷ್ಟು ಕಂಬಿ ಕೊಡಬೇಕು? ಯುರೋಪಿನ ಕಾಂಕ್ರೀಟ್ ಸಂಹಿತೆ ಯುರೋಕೋಡ್ 2 ಇದನ್ನು ನೇರವಾಗಿ ಹೇಳುತ್ತದೆ: ಒಟ್ಟಿಗೆ ಎರಕ ಹೊಯ್ದ ಬೀಮಿನ ತುದಿಯನ್ನು ಪಿನ್ ಎಂದು ಭಾವಿಸಿದ್ದರೂ, ನಡುವಿನ ಗರಿಷ್ಠ ಮೊಮೆಂಟಿನ ಕನಿಷ್ಠ ನೂರಕ್ಕೆ 15 ಭಾಗಕ್ಕೆ ತುದಿಯ ಮೇಲ್ಭಾಗವನ್ನು ಡಿಸೈನ್ ಮಾಡಬೇಕು ಎಂಬುದು ಅದು ಶಿಫಾರಸು ಮಾಡುವ ಮೌಲ್ಯ. ನಮ್ಮ ಸಂಹಿತೆ ಬೀಮುಗಳಿಗೆ ಹೀಗೆ ಅಂಕಿ ಕೊಡದಿದ್ದರೂ ಸ್ಲ್ಯಾಬುಗಳ ವಿಷಯದಲ್ಲಿ, ಅನುಬಂಧ ಡಿಯಲ್ಲಿ, ಮುಂದುವರಿಯದ ಅಂಚಿನ ಮೇಲ್ಭಾಗಕ್ಕೆ ನಡುವಿನ ಕಂಬಿಯ ಅರ್ಧದಷ್ಟನ್ನು, ಸ್ಪ್ಯಾನಿನ (ಆಧಾರಗಳ ನಡುವಿನ ದೂರದ) ಹತ್ತನೇ ಒಂದು ಭಾಗದವರೆಗೆ ಕೊಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ ಎಂದು ಹೇಳಿ ಅದೇ ವಿವೇಕವನ್ನು ತೋರಿಸಿದೆ. ನಿಮ್ಮ ಬೀಮಿನಲ್ಲಿ 91ರ ನೂರಕ್ಕೆ 15 ಎಂದರೆ 14. ರಿಂಗ್ ಕಟ್ಟಲು ಮೇಲೆ ಹೇಗೂ ಹಾಕುವ 12 ಮಿ.ಮೀ. ಕಂಬಿ ಎರಡರ ಸಾಮರ್ಥ್ಯ ಸುಮಾರು 38 ಕಿಲೋನ್ಯೂಟನ್ ಮೀಟರ್. ಬಿರುಕಿಲ್ಲದ ಸ್ಥಿತಿಯ 24ನ್ನೂ ಅದು ಹೊರುತ್ತದೆ. ಹೊಸ ಕಂಬಿ ಬೇಡ, ಇರುವ ಕಂಬಿ ಕೆಲಸ ಮಾಡುವಂತೆ ಕಟ್ಟಿದರೆ ಸಾಕು.

ಕೆಲಸ ಮಾಡುವಂತೆ ಕಟ್ಟುವುದು ಎಂದರೆ ಆಂಕರೇಜ್, ಅಂದರೆ ಎಳೆದಾಗ ಜಾರದಂತೆ ಕಂಬಿಯನ್ನು ಕಾಂಕ್ರೀಟಿನಲ್ಲಿ ಸಾಕಷ್ಟು ಉದ್ದ ಹೂತಿಡುವುದು. ಎಂ 25 ಕಾಂಕ್ರೀಟಿನಲ್ಲಿ ಎಫ್‌ಇ 500 ಕಂಬಿಯ ಡೆವಲಪ್‌ಮೆಂಟ್ ಲೆಂತ್ (ಕಂಬಿ ತನ್ನ ಪೂರ್ತಿ ಬಲ ತೋರಲು ಹೂತಿರಬೇಕಾದ ಉದ್ದ) ವ್ಯಾಸದ 48.5 ಪಟ್ಟು; 12 ಮಿ.ಮೀ. ಕಂಬಿಗೆ ಸುಮಾರು 580 ಮಿ.ಮೀ. ಮುಖ್ಯ ಬೀಮಿನ ಅಗಲ 230. ಕವರ್ ಬಿಟ್ಟರೆ ಅಡ್ಡಲಾಗಿ ಸಿಗುವುದು 190. ಕಂಬಿಯನ್ನು ನೇರವಾಗಿ ತೂರಿಸಿ ಅಲ್ಲಿಗೇ ನಿಲ್ಲಿಸಿದರೆ ಬೇಕಾದುದರಲ್ಲಿ ಮೂರನೇ ಒಂದು ಭಾಗ ಮಾತ್ರ ಸಿಕ್ಕಂತಾಗಿ, 38ರ ಸಾಮರ್ಥ್ಯ ಕಾಗದದಲ್ಲೇ ಉಳಿಯುತ್ತದೆ. ಮುಖ್ಯ ಬೀಮಿನ ಆಚೆ ಬದಿಯ ರಿಂಗಿನವರೆಗೆ ಕಂಬಿಯನ್ನು ಒಯ್ದು, ಎಲ್ ಬೆಂಡ್ ಮಾಡಿ, ಕೆಳಕ್ಕೆ ಸುಮಾರು 300 ಮಿ.ಮೀ. ಕಾಲು ಬಿಡಬೇಕು. 90 ಡಿಗ್ರಿ ಬೆಂಡಿಗೆ ವ್ಯಾಸದ 8 ಪಟ್ಟಿನ ಆಂಕರೇಜ್ ಬೆಲೆ ಇದೆ; ಅಡ್ಡ ಭಾಗ, ಬೆಂಡ್, ಕಾಲು ಮೂರೂ ಸೇರಿ 580 ಭರ್ತಿಯಾಗುತ್ತದೆ. ಸೈಟಿನಲ್ಲಿ ಅತಿ ಹೆಚ್ಚು ತಪ್ಪುವುದು ಈ ಕಾಲೇ. ಬಾರ್ ಬೆಂಡರ್ ಮೊದಲೇ ಕಂಬಿ ಕತ್ತರಿಸಿಟ್ಟಿರುತ್ತಾರೆ, ಮುಖ್ಯ ಬೀಮಿನ ಕಂಬಿಗಳ ನಡುವೆ ಬೆಂಡ್ ತೂರುವುದು ಕಷ್ಟವಾಗುತ್ತದೆ, ಕೊನೆಗೆ ನೇರ ತುಂಡನ್ನೇ ತೂರಿಸಿ ಬೈಂಡಿಂಗ್ ವೈರ್ ಸುತ್ತಿಬಿಡುತ್ತಾರೆ. ಕಂಬಿ ಕತ್ತರಿಸುವ ಮೊದಲೇ ಈ ಒಂದು ಚಿತ್ರವನ್ನು ದೊಡ್ಡದಾಗಿ ಬರೆದು ಅವರ ಕೈಗೆ ಕೊಡಿ.

ಅದೇ ಜಾಯಿಂಟಿನಲ್ಲಿ ಇನ್ನೊಂದು ವಿಷಯವಿದೆ, ಪಿನ್ ಎಂದರೂ ಫಿಕ್ಸೆಡ್ ಎಂದರೂ ಅದು ತಪ್ಪುವುದಿಲ್ಲ. ಸೆಕೆಂಡರಿ ಬೀಮಿನಿಂದ ಬರುವ 81 ಕಿಲೋನ್ಯೂಟನ್ ಮುಖ್ಯ ಬೀಮಿನ ತಲೆಯ ಮೇಲೆ ಕೂರುವುದಿಲ್ಲ, ಅದರ ಪಕ್ಕೆಯಲ್ಲಿ, ಬಹುಪಾಲು ತಳದ ಹತ್ತಿರ ಸೇರುತ್ತದೆ. ಅದನ್ನು ಮೇಲಕ್ಕೆ ಎತ್ತಿಕೊಳ್ಳಲು ಜಾಯಿಂಟಿನ ಜಾಗದಲ್ಲಿ ಮುಖ್ಯ ಬೀಮಿಗೆ ಹೆಚ್ಚುವರಿ ರಿಂಗುಗಳು ಬೇಕು. 8 ಮಿ.ಮೀ. ಎರಡು ಕಾಲಿನ ರಿಂಗಿನ ಕ್ಷೇತ್ರಫಲ 100 ಚದರ ಮಿ.ಮೀ.; ಮಾಮೂಲಿ ಶಿಯರ್ ರಿಂಗುಗಳಲ್ಲದೆ ಇಂಥ ಮೂರು ರಿಂಗುಗಳನ್ನು ಒತ್ತೊತ್ತಾಗಿ ಕೊಡಿ. ಸೆಕೆಂಡರಿ ಬೀಮಿನ ತಳದ ಕಂಬಿ ಮುಖ್ಯ ಬೀಮಿನ ತಳದ ಕಂಬಿಗಿಂತ ಮೇಲೆ ಬರಬೇಕು. ನಿಮ್ಮಲ್ಲಿ ಆಳ 450 ಮತ್ತು 600 ಆಗಿರುವುದರಿಂದ ಅದು ತಾನಾಗಿಯೇ ಆಗುತ್ತದೆ. ತಳದ ಮೂರರಲ್ಲಿ ಎರಡನ್ನಾದರೂ ಪೂರ್ತಿ ಒಳಕ್ಕೆ ಒಯ್ಯಿರಿ. ಪಿನ್ ತುದಿಯಲ್ಲಿ ಸಂಹಿತೆ ಕೇಳುವ ಆಂಕರೇಜ್ ಪರೀಕ್ಷೆಯಲ್ಲಿ ಎರಡು ಕಂಬಿಗೆ ಮೊಮೆಂಟ್ ಸಾಮರ್ಥ್ಯವನ್ನು ಶಿಯರ್‌ನಿಂದ ಭಾಗಿಸಿದರೆ ಸುಮಾರು 800 ಮಿ.ಮೀ. ಸಿಗುತ್ತದೆ, ಬೇಕಾದದ್ದು 16 ಮಿ.ಮೀ. ಕಂಬಿಯ ಡೆವಲಪ್‌ಮೆಂಟ್ ಲೆಂತ್, 777. ಆಧಾರದ ಒತ್ತಡ ಕಂಬಿಯನ್ನು ಅದುಮಿ ಹಿಡಿಯುವ ಕಡೆ ಸಿಗುವ ನೂರಕ್ಕೆ 30ರ ರಿಯಾಯಿತಿಯನ್ನು ಇಲ್ಲಿ ತೆಗೆದುಕೊಳ್ಳಬೇಡಿ. ಬೀಮಿನ ಪಕ್ಕೆಗೆ ಸೇರುವ ಬೀಮಿಗೆ ಅಂಥ ಒತ್ತಡವಿಲ್ಲ.

ರಿಲೀಸ್ ಕೊಡುವ ಕ್ರಮದ ಬಗ್ಗೆಯೂ ಒಂದು ಮಾತು. ನಾನಾದರೆ ಸೆಕೆಂಡರಿ ಬೀಮಿನ ತುದಿಗೆ ರಿಲೀಸ್ ಕೊಡುವ ಬದಲು ಮುಖ್ಯ ಬೀಮಿನ ಟಾರ್ಷನ್ ಸ್ಥಿರಾಂಕವನ್ನು ಹತ್ತನೇ ಒಂದಕ್ಕೋ ಇನ್ನೂ ಕೆಳಕ್ಕೋ ಇಳಿಸುತ್ತೇನೆ. ನಿಮ್ಮ ಈ ಬೀಮಿನಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಆದರೆ ಸೆಕೆಂಡರಿ ಬೀಮ್ ಮುಖ್ಯ ಬೀಮನ್ನು ದಾಟಿ ಆಚೆಯ ಕೋಣೆಗೂ ಮುಂದುವರಿಯುವ ಕಡೆ ವ್ಯತ್ಯಾಸ ದೊಡ್ಡದು. ಅಲ್ಲಿ ಒಂದು ಬದಿಯ ನೆಗೆಟಿವ್ ಮೊಮೆಂಟನ್ನು ಹಿಡಿಯುವುದು ಆಚೆ ಬದಿಯ ಬೀಮ್. ಮುಖ್ಯ ಬೀಮಿನ ಟಾರ್ಷನ್ನಿಗೆ ಅಲ್ಲಿ ಕೆಲಸವೇ ಇರುವುದಿಲ್ಲ. ಎರಡು ಸಮಾನ ಸ್ಪ್ಯಾನುಗಳಾಗಿ, ಮುಖ್ಯ ಬೀಮ್ ತಾನು ಹೆಚ್ಚು ಇಳಿಯದಿದ್ದರೆ, ನಡುವಿನ ಆಧಾರದ ಮೇಲೆ ನಿಮ್ಮದೇ ಭಾರಕ್ಕೆ 91 ಕಿಲೋನ್ಯೂಟನ್ ಮೀಟರ್ ಬರುತ್ತದೆ. ಅಲ್ಲಿ ಕಣ್ಣುಮುಚ್ಚಿ ರಿಲೀಸ್ ಕೊಟ್ಟು ಮೇಲೆ 12 ಮಿ.ಮೀ. ಎರಡೇ ಕಂಬಿ ಬಿಟ್ಟರೆ, 38 ಹೊರುವ ಕಂಬಿಗೆ 91ರ ಬೇಡಿಕೆ ಬೀಳುತ್ತದೆ, ಬಿರುಕು ಕಣ್ಣಿಗೆ ರಾಚುವಷ್ಟಾಗುತ್ತದೆ. ಮುಂದುವರಿಯದ ತುದಿ ಬೇರೆ, ಮುಂದುವರಿಯುವ ಆಧಾರ ಬೇರೆ. ಸೆಕೆಂಡರಿ ಬೀಮುಗಳನ್ನೆಲ್ಲ ಒಟ್ಟಿಗೆ ಆಯ್ಕೆ ಮಾಡಿ ರಿಲೀಸ್ ಕೊಡುವ ಅಭ್ಯಾಸ ಎಷ್ಟೋ ಕಚೇರಿಗಳಲ್ಲಿದೆ, ಅದನ್ನು ದಯವಿಟ್ಟು ಕಲಿಯಬೇಡಿ.

ಇನ್ನು ಟಾರ್ಷನ್ನನ್ನು ಎಂದಿಗೂ ಕೈಬಿಡಬಾರದ ಕಡೆಗಳಿವೆ. ಬೀಮಿನಿಂದ ಹೊರಚಾಚಿದ ಸಜ್ಜಾ, ಹಿಂದೆ ಸ್ಲ್ಯಾಬ್ ಇಲ್ಲದ ಪೋರ್ಟಿಕೋ, ಮುಖ್ಯ ಬೀಮಿನ ಪಕ್ಕೆಯಿಂದಲೇ ಹೊರಟ ಕ್ಯಾಂಟಿಲಿವರ್ ಬೀಮ್. ಇಲ್ಲಿ ತುದಿಯ ಹಿಡಿತ ಸಡಿಲವಾದರೆ ಮೊಮೆಂಟ್ ಬೇರೆಡೆಗೆ ಹೋಗಲು ದಾರಿಯೇ ಇಲ್ಲ, ರಚನೆ ಬೀಳುತ್ತದೆ. ರಿಲೀಸ್ ಕೊಟ್ಟ ಮೇಲೂ ಭಾರ ನೆಲ ಮುಟ್ಟಲು ಒಂದು ಪೂರ್ತಿ ದಾರಿ ಉಳಿದಿದೆಯೇ ಎಂದು ಪ್ರತಿ ತುದಿಯಲ್ಲೂ ಕೇಳಿಕೊಳ್ಳಿ. ಉಳಿದಿದ್ದರೆ, ಆ ದಾರಿಯ ಪ್ರತಿ ಅಡ್ಡಕೊಯ್ತವೂ ಸಾಕಷ್ಟು ಗಟ್ಟಿಯಿದ್ದು, ಕಂಬಿ ಹಿಗ್ಗಲು ಅವಕಾಶವಿದ್ದರೆ, ರಚನೆ ಭಾರವನ್ನು ಹೊರುತ್ತದೆ. ಉಳಿಯದಿದ್ದರೆ ರಿಲೀಸಿನ ಮಾತೇ ಇಲ್ಲ.

ಈಗ ಕಾಲಂ. ಮುಖ್ಯ ಬೀಮಿನ ಪಕ್ಕೆಯಂತೆ ಕಾಲಂ ಸಡಿಲ ಆಧಾರವಲ್ಲ. ನಿಮ್ಮ ಮನೆಯ ಅಂಥದೇ 230 × 450 ಬೀಮ್, 230 × 450 ಹೊರ ಕಾಲಂನ ಅಗಲವಾದ ದಿಕ್ಕಿಗೆ ಸೇರುತ್ತದೆ, ಅಂತಸ್ತಿನ ಎತ್ತರ 3 ಮೀಟರ್, ಬೀಮಿನ ಇನ್ನೊಂದು ತುದಿ ಬಿಗಿ ಎಂದುಕೊಳ್ಳಿ. ಮೇಲಿನ ಮತ್ತು ಕೆಳಗಿನ ಕಾಲಂ ಸೇರಿ ಫಿಕ್ಸೆಡ್ ಮೊಮೆಂಟಿನ ನೂರಕ್ಕೆ 75 ಭಾಗವನ್ನು ಹಿಡಿಯುತ್ತವೆ. ಅದೇ ಕಾಲಂ ಅಡ್ಡ ತಿರುಗಿ 230ರ ದಿಕ್ಕಿನಲ್ಲಿ ಬೀಮನ್ನು ಹಿಡಿದರೆ ಅದು ನೂರಕ್ಕೆ 44ಕ್ಕೆ ಇಳಿಯುತ್ತದೆ. ಅದೇ ಕಾಂಕ್ರೀಟ್, ಅದೇ ಕಂಬಿ, ತಿರುಗಿಸಿದ್ದು ಕಾಲಂ ಮಾತ್ರ. ಈ ಬಿಗಿತ ಟಾರ್ಷನ್ನಿನ ಬಿಗಿತದಂತೆ ಕರಗಿಹೋಗುವುದಿಲ್ಲ. ಭಾರ ಹೊತ್ತ ಕಾಲಂ ಒತ್ತಡದಲ್ಲಿರುವುದರಿಂದ ಅದರ ಬಿರುಕುಗಳು ಹೆಚ್ಚು ತೆರೆದುಕೊಳ್ಳುವುದಿಲ್ಲ. ಐಎಸ್ 1893ರ 2016ರ ಆವೃತ್ತಿ ಭೂಕಂಪದ ವಿಶ್ಲೇಷಣೆಗೆ ಕಾಲಂಗಳ ಬಿಗಿತವನ್ನು 0.7ರಷ್ಟು, ಬೀಮುಗಳದ್ದನ್ನು 0.35ರಷ್ಟು ಹಿಡಿಯಲು ಹೇಳುವುದರಲ್ಲೂ ಈ ಭೇದ ಕಾಣುತ್ತದೆ.

ಇಲ್ಲಿ ರಿಲೀಸ್ ಕೊಟ್ಟರೆ ಬೀಮಿಗೆ ಆಗುವ ತೊಂದರೆ ಕಡಿಮೆ, ಕಾಲಂಗೆ ಆಗುವುದು ಹೆಚ್ಚು. ಬೀಮಿನ ನಡುವೆ ಪೂರ್ತಿ ಕಂಬಿ ಇದೆ, ತುದಿಯಲ್ಲಿ ಬಿರುಕು ಬಿಟ್ಟರೂ ಅದು ನಿಧಾನವಾಗಿ, ಎಚ್ಚರಿಕೆ ಕೊಟ್ಟು ಬಾಗುತ್ತದೆ. ಕಾಲಂ ಮಾತ್ರ ತನಗೆ ಮೊಮೆಂಟೇ ಇಲ್ಲವೆಂಬ ಲೆಕ್ಕದ ಮೇಲೆ ನಿಂತಿರುತ್ತದೆ. ಕೊನೆಯ ಅಂತಸ್ತಿನ ಹೊರ ಕಾಲಂಗಳು ಇದರಿಂದ ಅತಿ ಹೆಚ್ಚು ಕೆಡುತ್ತವೆ, ಇದನ್ನು ಅನೇಕರು ಗಮನಿಸುವುದಿಲ್ಲ. ತಾರಸಿಯ ಮಟ್ಟದಲ್ಲಿ ಮೇಲೆ ಕಾಲಂ ಇಲ್ಲ, ಬರುವ ಮೊಮೆಂಟನ್ನೆಲ್ಲ ಕೆಳಗಿನ ಒಂದೇ ಕಾಲಂ ಹೊರಬೇಕು. 230ರ ದಿಕ್ಕಿನಲ್ಲೇ ಲೆಕ್ಕ ಹಾಕಿದರೂ, ತಾರಸಿಯಲ್ಲೂ ಅಷ್ಟೇ ಭಾರವಿದ್ದರೆ, 17 ಕಿಲೋನ್ಯೂಟನ್ ಮೀಟರ್ ಬರುತ್ತದೆ. ಆ ಕಾಲಂನ ಒಟ್ಟು ಭಾರ 150 ಕಿಲೋನ್ಯೂಟನ್ ಇದ್ದರೆ ಇದು 110 ಮಿ.ಮೀ.ಗಿಂತ ಹೆಚ್ಚಿನ ಎಕ್ಸೆಂಟ್ರಿಸಿಟಿಗೆ (ಭಾರ ಕಾಲಂನ ನಡುವಿನಿಂದ ಸರಿದ ದೂರಕ್ಕೆ) ಸಮ. ಸಂಹಿತೆ ಎಲ್ಲ ಕಾಲಂಗಳಿಗೂ ಕಡ್ಡಾಯವಾಗಿ ಹಿಡಿಯುವ ಕನಿಷ್ಠ ಎಕ್ಸೆಂಟ್ರಿಸಿಟಿ 20 ಮಿ.ಮೀ. ಮೇಲಿನ ಅಂತಸ್ತಿಗೆ ಭಾರ ಕಡಿಮೆ ಎಂದು ಕಾಲಂ ಕಂಬಿಯನ್ನು ಇಳಿಸುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಅಡ್ಡಬಲದ ಮಾತು ಇದಕ್ಕಿಂತ ಸರಳ. ಶಿಯರ್ ವಾಲ್ ಇಲ್ಲದ ಮನೆಯನ್ನು ಗಾಳಿಗೂ ಭೂಕಂಪಕ್ಕೂ ನಿಲ್ಲಿಸುವುದು ಬೀಮ್ ಮತ್ತು ಕಾಲಂಗಳ ಬಿಗಿಯಾದ ಜಾಯಿಂಟುಗಳೇ. ಅವಕ್ಕೆಲ್ಲ ರಿಲೀಸ್ ಕೊಟ್ಟರೆ ಉಳಿಯುವುದು ಬುಡದಲ್ಲಿ ನೆಟ್ಟ ಬಿಡಿ ಕಂಬಗಳ ಸಾಲು. 2012ರ ಮೇ 20 ಮತ್ತು 29ರಂದು ಇಟಲಿಯ ಎಮಿಲಿಯಾ ಪ್ರಾಂತ್ಯದಲ್ಲಾದ ಭೂಕಂಪಗಳಲ್ಲಿ ಪ್ರೀಕಾಸ್ಟ್ ಕಾರ್ಖಾನೆ ಕಟ್ಟಡಗಳು ಸಾಲುಸಾಲಾಗಿ ಕುಸಿದವು. ಅವುಗಳಲ್ಲಿ ಅನೇಕ ಬೀಮುಗಳು ಕಾಲಂ ತಲೆಯ ಮೇಲೆ ಬರಿಯ ಘರ್ಷಣೆಯಿಂದ ಕೂತಿದ್ದವು. ನೆಲ ಅಲುಗಿದಾಗ ಜಾರಿ ಬಿದ್ದವು. ಕಾಂಕ್ರೀಟಿನಲ್ಲಿ ನಿಜವಾದ ಪಿನ್ ಇರುವುದು ಇಂಥ ಪ್ರೀಕಾಸ್ಟ್ ಕಟ್ಟಡಗಳಲ್ಲಿ, ಸೇತುವೆಗಳ ಬೇರಿಂಗುಗಳಲ್ಲಿ, ಕಾಂಕ್ರೀಟಿನ ಕುತ್ತಿಗೆಯನ್ನು ಕಿರಿದಾಗಿಸಿ ಮಾಡುವ ಮೆನಾಜೆ ಮತ್ತು ಫ್ರೆಸಿನೆ ಹಿಂಜುಗಳಲ್ಲಿ. ಅಲ್ಲಿ ಪಿನ್ ಎಂಬುದು ಯೋಚಿಸಿ, ಅಳೆದು ಮಾಡಿದ ಭಾಗ. ತುದಿ ತಿರುಗಬೇಕು, ಆದರೆ ಜಾರಬಾರದು ಎಂಬುದಕ್ಕೆ ಡೋವೆಲ್ ಕಂಬಿಯೋ ಬೋಲ್ಟೋ ಇರಲೇಬೇಕು.

ಆದರೆ ಮಾಡೆಲ್‌ನಲ್ಲಿ ರಿಜಿಡ್ ಎಂದು ಬಿಟ್ಟ ಮಾತ್ರಕ್ಕೆ ಕಾಲಂ ಜಾಯಿಂಟ್ ರಿಜಿಡ್ ಆಗುವುದಿಲ್ಲ, ಈ ವಿಷಯ ನನಗೆ ನಿಜಕ್ಕೂ ಕಳವಳದ್ದು. ಒಂಬತ್ತಿಂಚಿನ ಗೋಡೆಯಲ್ಲಿ ಕಾಣದಂತೆ ಮುಚ್ಚಿಹೋಗಲಿ ಎಂದು ನಮ್ಮ ಊರುಗಳಲ್ಲಿ ಕಾಲಂಗಳನ್ನು 230 ಮಿ.ಮೀ. ಅಗಲಕ್ಕೇ ಕಟ್ಟುತ್ತೇವೆ. 16 ಮಿ.ಮೀ. ಕಂಬಿಯ ಬೀಮ್ ಆ 230ರ ದಿಕ್ಕಿನಲ್ಲಿ ಹೊರ ಕಾಲಂಗೆ ಸೇರಿದರೆ, ಭೂಕಂಪ ತಾಳುವಂತೆ ಕಂಬಿ ಕಟ್ಟುವ ಕ್ರಮ ಹೇಳುವ ಸಂಹಿತೆ ಐಎಸ್ 13920 ಕೇಳುವ ಆಂಕರೇಜ್ 777ರ ಜೊತೆಗೆ ವ್ಯಾಸದ ಹತ್ತು ಪಟ್ಟು, ಬೆಂಡಿನ ಬೆಲೆಯನ್ನು ಕಳೆದು. ಅಡ್ಡಲಾಗಿ ಸಿಗುವ ಜಾಗ 180 ಮಿ.ಮೀ. ಆಸುಪಾಸು. ಅದಕ್ಕೇ ಆ ಸಂಹಿತೆಯ 2016ರ ಆವೃತ್ತಿ ಕಾಲಂನ ಕನಿಷ್ಠ ಅಳತೆಯನ್ನು 300 ಮಿ.ಮೀ. ಅಥವಾ ಬೀಮಿನ ಅತಿ ದಪ್ಪ ಕಂಬಿಯ 20 ಪಟ್ಟು, ಇವೆರಡರಲ್ಲಿ ಹೆಚ್ಚಿನದು ಎಂದು ನಿಗದಿ ಮಾಡಿದೆ. 16ರ ಕಂಬಿಗೆ ಅದು 320. 2016ರ ಐಎಸ್ 1893ರ ನಕ್ಷೆಯಲ್ಲಿ ದಾವಣಗೆರೆ ಎರಡನೇ ಭೂಕಂಪ ವಲಯದಲ್ಲಿದೆ, ಅಲ್ಲಿ ಐಎಸ್ 13920 ಐಚ್ಛಿಕ. ಮೂರನೇ ವಲಯದ ಮಂಗಳೂರಿನಲ್ಲಿ ಅದು ಕಡ್ಡಾಯ. ಐಚ್ಛಿಕವಾದರೂ ಹೊರ ಕಾಲಂಗಳನ್ನು 300ಕ್ಕೆ ಏರಿಸಲು, ಇಲ್ಲವೇ ಹೆಚ್ಚು ಭಾರದ ಬೀಮ್ ಬರುವ ದಿಕ್ಕಿಗೆ ಕಾಲಂನ ಉದ್ದ ಬದಿಯನ್ನು ತಿರುಗಿಸಲು ಆರ್ಕಿಟೆಕ್ಟರನ್ನು ಒಪ್ಪಿಸಿ. ಗೋಡೆಯಿಂದ ಮೂರಿಂಚು ಹೊರಗೆ ಕಾಣುವ ಕಾಲಂ ಯಾರ ಮನೆಯನ್ನೂ ಕೆಡಿಸುವುದಿಲ್ಲ. ತುದಿಯ ತಳದ ಕಂಬಿಯನ್ನೂ ಮರೆಯಬೇಡಿ: ಭೂಕಂಪದಲ್ಲಿ ಮೊಮೆಂಟಿನ ದಿಕ್ಕು ತಿರುಗುತ್ತದೆ ಎಂಬ ಕಾರಣಕ್ಕೇ ಕಾಲಂ ಮುಖದಲ್ಲಿ ಮೇಲಿನ ಕಂಬಿಯ ಅರ್ಧದಷ್ಟಾದರೂ ತಳದಲ್ಲಿ ಇರಬೇಕೆಂದು ಐಎಸ್ 13920 ಹೇಳುತ್ತದೆ, ಅದಕ್ಕೂ ಪೂರ್ತಿ ಆಂಕರೇಜ್ ಬೇಕು.

ಗೋಡೆಯ ಮೇಲೆ ಕೂರುವ ಬೀಮುಗಳ ಬಗ್ಗೆ ನೀವು ಕೇಳಿಲ್ಲ. ಆದರೂ ಇಟ್ಟಿಗೆ ಗೋಡೆಯ ಮೇಲಾಗಲಿ, ಕರಾವಳಿಯ ಮುರಕಲ್ಲು ಗೋಡೆಯ ಮೇಲಾಗಲಿ ಬೆಡ್ ಬ್ಲಾಕಿಟ್ಟು ಕೂರಿಸಿದ ಬೀಮ್ ಪಿನ್ನಿಗೆ ಬಹಳ ಹತ್ತಿರ. ಅದರ ತುದಿಯ ಮೇಲೆ ಇನ್ನೊಂದು ಅಂತಸ್ತಿನ ಗೋಡೆ ಏರಿದರೆ ಆ ಭಾರ ತುದಿಯನ್ನು ಅದುಮಿ ಅರೆಬರೆ ಹಿಡಿತ ಹುಟ್ಟಿಸುತ್ತದೆ, ಆದ್ದರಿಂದ ಅಲ್ಲಿಯೂ ಮೇಲಿನ ಕಂಬಿಯ ನಿಯಮ ಅನ್ವಯಿಸುತ್ತದೆ. ಫುಟಿಂಗಿನಲ್ಲಿ ಕಾಲಂ ಬುಡ ಪಿನ್ನೋ ಫಿಕ್ಸೆಡ್ಡೋ ಎಂಬುದನ್ನು ತೀರ್ಮಾನಿಸುವುದು ಮಣ್ಣು. ನಿಮ್ಮ ಭಾಗದ ಎರೆಮಣ್ಣಿನಲ್ಲಿ ಬಿಡಿ ಫುಟಿಂಗನ್ನು ಪೂರ್ತಿ ಫಿಕ್ಸೆಡ್ ಎಂದು ನಂಬುವುದು ಜಾಸ್ತಿಯಾಯಿತು. ಎರಡೂ ರೀತಿಯಲ್ಲಿ ಮಾಡೆಲ್ ಓಡಿಸಿ, ಕಾಲಂಗೂ ಪ್ಲಿಂತ್ ಬೀಮಿಗೂ ಯಾವುದರಲ್ಲಿ ಹೆಚ್ಚು ಬೇಡಿಕೆ ಬರುತ್ತದೋ ಅದಕ್ಕೆ ಡಿಸೈನ್ ಮಾಡಿ.

ಮುಂದಿನ ವಾರ ಕಂಬಿ ಕಟ್ಟುವ ಮೊದಲು ಡ್ರಾಯಿಂಗಿನಲ್ಲಿ ಈ ಜಾಯಿಂಟನ್ನು ಬೇರೆಯಾಗಿ, 1:10 ಅಳತೆಯಲ್ಲಿ ಬರೆಯಿರಿ: ತಳದಲ್ಲಿ 16ರ ಮೂರು, ಮೇಲೆ 12ರ ಎರಡು ಎಲ್ ಬೆಂಡಿನೊಂದಿಗೆ, ಕಾಲಿನ ಅಳತೆ 300 ಎಂದು ಅಂಕಿಯಲ್ಲಿ, ಮುಖ್ಯ ಬೀಮಿನಲ್ಲಿ ಮೂರು ಹೆಚ್ಚುವರಿ ರಿಂಗು. ಮುಖ್ಯ ಬೀಮಿನ ರಿಂಗುಗಳೆಲ್ಲ 135 ಡಿಗ್ರಿ ಹುಕ್ಕಿನ, ಪೂರ್ತಿ ಮುಚ್ಚಿದ ರಿಂಗುಗಳೇ ಆಗಿರಲಿ. ಲೆಕ್ಕದಲ್ಲಿ ಟಾರ್ಷನ್ ಕೈಬಿಟ್ಟಿದ್ದರೂ ಕಾಂಕ್ರೀಟ್ ಸ್ವಲ್ಪ ತಿರುಚಿಯೇ ತಿರುಚುತ್ತದೆ, ಆ ಬಿರುಕನ್ನು ಹಿಡಿದಿಡಲು ಬಾಯಿ ಬಿಟ್ಟ ರಿಂಗಿನಿಂದ ಆಗುವುದಿಲ್ಲ. ಸೆಕೆಂಡರಿ ಬೀಮಿನ ಮೇಲಿನ ಕಂಬಿಗಳನ್ನು ಮುಖ್ಯ ಬೀಮಿನ ರಿಂಗುಗಳ ನಡುವೆ ಇಳಿಸಲು ಜಾಗ ಬಿಟ್ಟು ಕಟ್ಟುವಂತೆ ಬಾರ್ ಬೆಂಡರಿಗೆ ಮುಂಚೆಯೇ ಹೇಳಿ, ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ನೀವೇ ಹೋಗಿ ಪ್ರತಿ ತುದಿಯ ಕಾಲನ್ನೂ ಟೇಪ್ ಹಿಡಿದು ಅಳೆಯಿರಿ.